ಕೇಪ್‌ಟೌನಿನ ಇಮಾಮ್: ಬೀದಿಯ ಮಾತಿಗೆ ಅರಬಿ ಅಕ್ಷರ

[ದೃಶ್ಯ: ಟೇಬಲ್ ಬೆಟ್ಟ, ಅದರಡಿಯಲ್ಲಿ ಕೇಪ್‌ಟೌನ್ ಬಂದರು]

1863ರ ಜನವರಿ. ಒಟ್ಟೋಮನ್ ಸುಲ್ತಾನ ಕಳುಹಿಸಿದ ಕುರ್ದಿಷ್ ವಿದ್ವಾಂಸರೊಬ್ಬರು ಇಲ್ಲಿ ಬಂದಿಳಿಯುತ್ತಾರೆ. ಹೆಸರು ಅಬೂಬಕರ್ ಎಫೆಂದಿ.

ಇಲ್ಲಿನ ಬಹುಪಾಲು ಮುಸ್ಲಿಮರು, ಡಚ್ಚರು ಇಂಡೊನೇಷ್ಯಾದಿಂದ, ಬಂಗಾಳ ಮತ್ತು ಮಲಬಾರಿನಿಂದ ಗುಲಾಮರಾಗಿಯೋ ಗಡೀಪಾರಾದವರಾಗಿಯೋ ತಂದವರ ಸಂತತಿ. ಧರ್ಮದ ವಿಚಾರದಲ್ಲಿ ಅವರೊಳಗೇ ಜಗಳಗಳಿದ್ದವು. ತಿಳಿದವರೊಬ್ಬರು ಬೇಕೆಂಬ ಬೇಡಿಕೆ ಬ್ರಿಟಿಷ್ ಸರ್ಕಾರದ ಮೂಲಕ ಇಸ್ತಾಂಬುಲ್ ತಲುಪಿತ್ತು.

ಎಫೆಂದಿ ಶಾಲೆ ತೆರೆದರು. ಹೆಣ್ಣುಮಕ್ಕಳ ಕಲಿಕೆಗೂ ವ್ಯವಸ್ಥೆಯಾಯಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

[ದೃಶ್ಯ: ಮೀನುಗಾರರ ದೋಣಿ, ಬುಟ್ಟಿ ತುಂಬ ಲಾಬ್‌ಸ್ಟರ್]

ಜಗಳ ಬಿಡಿಸಲು ಬಂದವರೇ ಹೊಸ ಜಗಳಕ್ಕೆ ಕಾರಣರಾದರು. ಇಸ್ಲಾಮಿನ ಧರ್ಮನಿಯಮಗಳನ್ನು ಬೇರೆ ಬೇರೆ ರೀತಿ ಅರ್ಥೈಸುವ ಪಂಥಗಳಿವೆ. ಕೇಪ್‌ನ ಮುಸ್ಲಿಮರು ಅವುಗಳಲ್ಲಿ ಶಾಫಿ ಪಂಥದವರು. ಕಡಲಿನ ಲಾಬ್‌ಸ್ಟರ್ ಅವರ ನಿತ್ಯದ ಊಟ. ಎಫೆಂದಿ ಕಲಿಸಿದ್ದು ಹನಫಿ ಪಂಥದ ನಿಯಮ. ಅದರ ಪ್ರಕಾರ ಲಾಬ್‌ಸ್ಟರ್ ನಿಷಿದ್ಧ. ನಮ್ಮಲ್ಲಿಯೂ ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿಗಳು. ಘಟ್ಟದ ಮೇಲಿನ ಹೆಚ್ಚಿನವರು ಹನಫಿಗಳು. ಕರಾವಳಿಯ ಮನೆಗೆ ಹೋಗಿ ಏಡಿ ಸಾರು ಮಾಡಬೇಡಿ ಎಂದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಬಡವರ ಬುಟ್ಟಿಗೆ ಕೈ ಹಾಕಿದ್ದು ಎಫೆಂದಿಯವರ ದೊಡ್ಡ ತಪ್ಪೆಂದೇ ನನಗನಿಸುತ್ತದೆ. ಹಲವರು ಅವರಿಂದ ದೂರವಾದರು.

ಆದರೂ ಅವರು ಊರು ಬಿಡಲಿಲ್ಲ. ಜನರ ಮಾತನ್ನು ಕಲಿತರು. ಇಂದು ಆಫ್ರಿಕಾನ್ಸ್ ಎನ್ನುವ ಆ ನುಡಿಯನ್ನು ದೊಡ್ಡವರು ಅಡುಗೆಮನೆಯ ಭಾಷೆಯೆಂದು ಹೀಗಳೆಯುತ್ತಿದ್ದರು. ಕೇಪ್‌ನ ಮದರಸಾಗಳಲ್ಲಿ ಮಾತ್ರ ಅದನ್ನು ಅರಬಿ ಲಿಪಿಯಲ್ಲಿ ಬರೆಯುವ ರೂಢಿ ಆಗಲೇ ಇತ್ತು. ಎಫೆಂದಿ ಅದೇ ದಾರಿ ಹಿಡಿದು ಒಂದು ಪುಸ್ತಕ ಬರೆದರು.

[ದೃಶ್ಯ: ಅರಬಿ ಲಿಪಿಯ ಪುಟ, ನಿಧಾನವಾಗಿ ಹತ್ತಿರಕ್ಕೆ]

ಶುಚಿತ್ವ, ನಮಾಜು, ಉಪವಾಸ, ಆಹಾರದ ನಿಯಮಗಳನ್ನು ಬಿಡಿಸಿ ಹೇಳುವ ಆ ಪುಸ್ತಕದ ಹೆಸರು 'ಬಯಾನುದ್ದೀನ್'. 1877ರಲ್ಲಿ ಅದು ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಬರೆದವರಿಗೆ ಅದು ತಾಯ್ನುಡಿಯಲ್ಲ, ಅಚ್ಚು ಮಾಡಿದ ಊರಿನಲ್ಲಿ ಅದನ್ನು ಆಡುವವರಿಲ್ಲ. ಓದುವವರೆಲ್ಲ ಸಾವಿರಾರು ಮೈಲಿ ದೂರದಲ್ಲಿ!

ಮೂರು ವರ್ಷಗಳ ನಂತರ, 1880ರಲ್ಲಿ, ಎಫೆಂದಿ ಕೇಪ್‌ಟೌನಿನಲ್ಲೇ ತೀರಿಕೊಂಡರು.

ಅವರು ಅಕ್ಷರಗಳ ಮೇಲೆ ಕೆಳಗೆ ಸ್ವರಚಿಹ್ನೆಗಳನ್ನು ಇಟ್ಟು ಬರೆದಿದ್ದರು, ಓದುವವರು ಉಚ್ಚಾರದಲ್ಲಿ ಎಡವಬಾರದೆಂದು. ಅವೇ ಚಿಹ್ನೆಗಳನ್ನು ಹಿಡಿದು ಭಾಷಾಶಾಸ್ತ್ರಜ್ಞರು, ಆ ಕಾಲದ ಕೇಪ್ ಮುಸ್ಲಿಮರ ಬಾಯಲ್ಲಿ ಆಫ್ರಿಕಾನ್ಸ್ ಹೇಗೆ ಕೇಳಿಸುತ್ತಿತ್ತೆಂದು ಗುರುತಿಸುತ್ತಾರೆ.