ಸೀಟಿಗೆ ಮುಂಚಿನ ಕುಸ್ತಿ

ಕೇಳುಗರಿಗೆ ನಮಸ್ಕಾರ. ಗರಡಿಯ ಮಟ್ಟಿ ಮೆಟ್ಟಿದವರೂ ದಸರಾ ಕುಸ್ತಿಗೆ ಜಾಗ ಹಿಡಿದು ಕೂತವರೂ ಇವತ್ತು ಸ್ವಲ್ಪ ಕಿವಿಗೊಡಿ. ವಿಷಯ ಕೊರಿಯಾದ ಪಟ್ಟಿ ಕುಸ್ತಿ, ಸಿರುಮ್.

ಅಖಾಡ ಅಂದರೆ 8 ಮೀಟರ್ ವ್ಯಾಸದ ಮರಳಿನ ವೃತ್ತ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ತಾಗಬೇಕು. ಅಲ್ಲಿ ಹಾಗಲ್ಲ, ಯಾರ ಮಂಡಿಯೋ ಮಂಡಿಗಿಂತ ಮೇಲಿನ ಯಾವ ಭಾಗವೋ ಮೊದಲು ಮರಳು ಮುಟ್ಟಿತೋ ಅವರು ಸೋತಂತೆ. ಆದ್ದರಿಂದ ಸಿರುಮ್ ಗೆಲ್ಲುವುದು ಹಿಡಿತದಲ್ಲಿ, ರೆಫರಿ ಸೀಟಿ ಊದುವ ಮುಂಚೆಯೇ.

ಹಿಡಿಯುವುದು ಸಾತ್ಬಾವನ್ನು. ಹತ್ತಿಬಟ್ಟೆಯ ಪಟ್ಟಿ ಅದು. ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ. ಬಲತೊಡೆಯನ್ನೂ ಸೊಂಟವನ್ನೂ ಸುತ್ತಿ ಕಟ್ಟುತ್ತಾರೆ. ಬಿಗಿ ಹೆಚ್ಚಾದರೆ ಎದುರಾಳಿಯ ಬೆರಳು ತೂರುವುದಿಲ್ಲ. ಸಡಿಲವಾದರೆ ಎಳೆದಾಗ ಬಟ್ಟೆ ಬರುತ್ತದೆ, ಆಳು ಬರುವುದಿಲ್ಲ. ಇಬ್ಬರೂ ಎದುರುಬದುರು ಮಂಡಿಯೂರಿ, ಬಲಭುಜಕ್ಕೆ ಬಲಭುಜ ಒತ್ತಿ, ಬಲಗೈಯಲ್ಲಿ ಸೊಂಟದ ಪಟ್ಟಿ, ಎಡಗೈಯಲ್ಲಿ ತೊಡೆಯ ಪಟ್ಟಿ ಹಿಡಿದು ಒಟ್ಟಿಗೆ ಏಳುತ್ತಾರೆ. ಏಳುವಾಗಲೇ ಭುಜ ಕೆಳಗೆ ಸಿಕ್ಕಿಕೊಂಡರೆ ಬೆನ್ನು ಬಾಗುತ್ತದೆ. ಬೆನ್ನು ಬಾಗಿದ ಮೇಲೆ ಯಾವ ಪಟ್ಟು ಹಾಕುತ್ತೀರಿ, ಹೇಳಿ?

ಈಗ ಸಿರುಮ್ ಪೈಲ್ವಾನ್ ಲೀ ಮಾನ್ ಗಿ ಕಥೆ ಕೇಳಿ. 1983ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ಚೊನ್‌ಹಾ ಜಾಂಗ್‌ಸಾ, ಅಂದರೆ ಲೋಕಕ್ಕೇ ಬಲಶಾಲಿ ಎಂಬ ಪಟ್ಟದ ಪಂದ್ಯಾವಳಿ ನಡೆಯಿತು. ಅದರಲ್ಲಿ ತೂಕದ ವಿಭಾಗವೇ ಇಲ್ಲ. ಎಲ್ಲ ಗಾತ್ರದವರಿಗೂ ಒಂದೇ ಅಖಾಡ. ದೈತ್ಯರ ಮೇಲೆ ಎಲ್ಲರ ಕಣ್ಣು. ಗೆದ್ದದ್ದು, ಬೇರೆ ಪಂದ್ಯಗಳಲ್ಲಿ ದೈತ್ಯರಿಗಿಂತ ಕೆಳಗಿನ ತೂಕದ ವಿಭಾಗದಲ್ಲಿ ಆಡುತ್ತಿದ್ದ ಈ ಕಾಲೇಜು ಹುಡುಗ! ಮುಂದೆ ಒಟ್ಟು 10 ಸಲ ಆ ಪಟ್ಟ ಅವರದೇ ಆಯಿತು. ಅವರ ಹೆಸರುವಾಸಿ ಪಟ್ಟು ದುಲ್‌ಬೇಜಿಗಿ. ಪಟ್ಟಿ ಎಳೆದು ಎದುರಾಳಿಯನ್ನು ಹೊಟ್ಟೆಗೆ ಅಂಟಿಸಿಕೊಳ್ಳಬೇಕು, ಮಂಡಿ ಬಗ್ಗಿಸಿ ಕೆಳಗಿಳಿಯಬೇಕು, ಕಾಲಿನ ಬಲದಿಂದ ಎತ್ತಿ ಪಕ್ಕಕ್ಕೆ ತಿರುಗಿಸಿ ಕೆಡವಬೇಕು. ಕಲಿಯುವವರು ತೋಳಿನಿಂದ ಎತ್ತಲು ಹೋಗುತ್ತಾರೆ. ನಡುವೆ ಒಂದು ಗೇಣು ಸಂದು ಬಿಟ್ಟರೂ ಸಾಕು, ಎದುರಾಳಿ ಒಳಗಾಲು ಕೊಟ್ಟು ನಿಮ್ಮನ್ನೇ ಹಿಂದಕ್ಕೆ ಬೀಳಿಸುತ್ತಾನೆ. ತೋಳು ದಪ್ಪವಿದ್ದರೆ ಏನು ಬಂತು? ಹಿಡಿತ, ಸ್ವಾಮಿ, ಹಿಡಿತ! 1990ರಲ್ಲಿ ಲೀ ಅವರನ್ನೇ ಕಾಂಗ್ ಹೋ ದೊಂಗ್ ಎಂಬ ಎಳೆಯ ಹುಡುಗ ಕೆಡವಿದ. ಆತ ಆಮೇಲೆ ಟಿವಿ ಕಾರ್ಯಕ್ರಮಗಳ ತಾರೆಯಾದ. ಅದು ಬೇರೆ ಮಾತು.

ಗಡಿಯಾರ ಓಡುತ್ತಿದೆ. ಕುಳ್ಳಗಿನವರಿಗೆ ದ್ವಿಜಿಪ್‌ಗಿ ಇದೆ: ಎದುರಾಳಿಯ ಎದೆಯಡಿ ನುಗ್ಗಿ, ಹಿಂದಕ್ಕೆ ಬಿಲ್ಲಾಗಿ ಅವನನ್ನು ಮೇಲಿಂದ ಮಗುಚುವುದು. 2018ರಲ್ಲಿ ಎರಡೂ ಕೊರಿಯಾಗಳು ಸೇರಿ ಸಿರುಮ್ ಅನ್ನು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದವು. ಸಾಮಾನ್ಯವಾಗಿ ಮೂರರಲ್ಲಿ ಎರಡು ಸುತ್ತು ಗೆದ್ದರೆ ಪಂದ್ಯ ಗೆದ್ದಂತೆ. ಹಳೆಯ ಕಾಲದಲ್ಲಿ ಗೆದ್ದವರು ಮನೆಗೆ ಹೋರಿ ಹೊಡೆದುಕೊಂಡು ಹೋಗುತ್ತಿದ್ದರು. ನಮಸ್ಕಾರ.