ಸಣ್ಣ ಗೇಮ್‌ಗೆ ಗಂಟೆ ಲೆಕ್ಕ ಯಾಕೆ?

ನಮಸ್ಕಾರ. ಹೊಸ ಗೇಮ್ ಬಂತು ಅಂದರೆ ಎಲ್ಲರೂ ಮೊದಲು ಕೇಳುವುದು, "ಎಷ್ಟು ಗಂಟೆ ಆಡಬಹುದು?" ದೊಡ್ಡ ಗೇಮ್‌ಗೆ ಆ ಪ್ರಶ್ನೆ ಸರಿ. ಒಬ್ಬಿಬ್ಬರು ಸೇರಿ ಮಾಡಿದ, ನಾವೂ ಒಬ್ಬರೇ ಕೂತು ಆಡುವ ಗೇಮ್‌ಗೆ ನಾನು ಬೇರೆಯೇ ಪ್ರಶ್ನೆ ಕೇಳುತ್ತೇನೆ. ಕಂಡುಹಿಡಿಯುವ ಖುಷಿಯನ್ನು ಅದು ನನಗೆ ಬಿಟ್ಟುಕೊಡುತ್ತದೆಯಾ?

[ದೃಶ್ಯ: ಕಪ್ಪು-ಬಿಳುಪಿನ ಹಡಗು]

'ರಿಟರ್ನ್ ಆಫ್ ದಿ ಓಬ್ರಾ ಡಿನ್' ನೋಡಿ. 2018ರಲ್ಲಿ ಬಂತು. ಹೆಚ್ಚುಕಡಿಮೆ ಲೂಕಸ್ ಪೋಪ್ ಒಬ್ಬರೇ ಮಾಡಿದ್ದು. ಕಥೆಯ ಕಾಲ 1807. ಕಾಣೆಯಾಗಿದ್ದ ಹಡಗು ವಾಪಸ್ ಬಂದಿದೆ, ಒಳಗೆ ಒಬ್ಬರೂ ಜೀವಂತ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಇನ್‌ಸ್ಪೆಕ್ಟರ್. 60 ಜನರ ಗತಿ ಏನಾಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ನಿಮ್ಮ ಕೈಯಲ್ಲೊಂದು ಮಾಯಾ ಗಡಿಯಾರ ಇರುತ್ತದೆ. ಹೆಣದ ಹತ್ತಿರ ಅದನ್ನು ತೆರೆದರೆ, ಆ ಸಾವಿನ ಕ್ಷಣ ಕಣ್ಣೆದುರು ಹಾಗೇ ನಿಂತುಬಿಡುತ್ತದೆ. ಅದರೊಳಗೆ ಓಡಾಡಿ ಸುಳಿವು ಹುಡುಕಬಹುದು.

ಒಂದು ಕಡೆ ನಾವಿಕರು ಮಲಗುವ ತೂಗುಹಾಸಿಗೆಗಳ ಮೇಲೆ ನಂಬರ್ ಇದೆ. ಸಿಬ್ಬಂದಿ ಪಟ್ಟಿಯಲ್ಲೂ ಅದೇ ನಂಬರ್! ಗೇಮ್ ಇದನ್ನು ಬಾಣ ಹಾಕಿ ತೋರಿಸುವುದಿಲ್ಲ, ನೀವೇ ಗಮನಿಸಬೇಕು. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಉತ್ತರ ಖಾತ್ರಿಯಾಗುತ್ತದೆ. ಒಂದೊಂದಕ್ಕೂ ಸರಿ-ತಪ್ಪು ಹೇಳಿದ್ದರೆ ಸುಮ್ನೆ ಊಹೆ ಹೊಡೆದೇ ಮುಗಿಸಬಹುದಿತ್ತು, ಅಲ್ವಾ? ಈ ಒಂದು ನಿಯಮಕ್ಕೇ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಕೊರತೆಯೂ ಇದೆ. ಹಳೇ ದೃಶ್ಯವನ್ನು ಮತ್ತೆ ನೋಡಬೇಕಂದರೆ ಹಡಗಿನಲ್ಲಿ ಆ ಜಾಗಕ್ಕೇ ನಡೆದು ಹೋಗಬೇಕು. ಕೊನೆಕೊನೆಗೆ ಇದು ನಿಜಕ್ಕೂ ಬೇಜಾರು.

[ದೃಶ್ಯ: ಬೆಟ್ಟ ಹತ್ತುತ್ತಿರುವ ಹಕ್ಕಿ]

2019ರ 'ಎ ಶಾರ್ಟ್ ಹೈಕ್' ಇನ್ನೂ ಚಿಕ್ಕದು. ಒಂದೆರಡು ಗಂಟೆಯಲ್ಲಿ ಶಿಖರ ಸಿಗುತ್ತದೆ. ಕ್ಲೇರ್ ಎಂಬ ಹಕ್ಕಿ ಫೋನ್ ಸಿಗ್ನಲ್‌ಗೋಸ್ಕರ ಬೆಟ್ಟ ಹತ್ತಬೇಕು, ಅಷ್ಟೇ ಕಥೆ. ಚಿನ್ನದ ಗರಿ ಸಿಕ್ಕಷ್ಟೂ ಇನ್ನಷ್ಟು ಎತ್ತರ ಹತ್ತಬಹುದು. ದಾರಿ ಬಿಟ್ಟು ಅಲೆದರೂ ನಷ್ಟವಿಲ್ಲ, ಅಲ್ಲೂ ಯಾರೋ ಮಾತಿಗೆ ಸಿಗುತ್ತಾರೆ. ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನ 2019ರಲ್ಲಿ ಓಬ್ರಾ ಡಿನ್‌ಗೆ ಹೋಯಿತು, 2020ರಲ್ಲಿ ಈ ಪುಟ್ಟ ಬೆಟ್ಟಕ್ಕೆ. ಗಂಟೆ ಎಣಿಸಿದ್ದರೆ ಇದರ ಹೆಸರೂ ಬರುತ್ತಿರಲಿಲ್ಲ.

ತಲೆ ದಣಿದಿದ್ದರೆ ಬೆಟ್ಟದಿಂದ ಶುರು ಮಾಡಿ. ಓಬ್ರಾ ಡಿನ್ ಹಿಡಿದರೆ ಮಧ್ಯೆ ತುಂಬಾ ದಿನ ಬಿಡಬೇಡಿ, ಮುಖಗಳು ಮರೆತುಹೋಗುತ್ತವೆ. ಉತ್ತರ ಹೇಳುವ ವಿಡಿಯೋಗಳನ್ನಂತೂ ತೆರೆಯಲೇಬೇಡಿ. ಒಮ್ಮೆ ಗೊತ್ತಾದರೆ ಮತ್ತೆ ಹುಡುಕೋಕೆ ಏನೂ ಉಳಿಯುವುದಿಲ್ಲ.