ಪಾರ್ಕಿಂಗ್ ಜಾಗದಲ್ಲಿ ಹುಟ್ಟಿದ ಆಟ: ಒಂದು ಹೈಸ್ಕೂಲ್ ತಂಡದ ತಮಾಷೆ ಕಥೆ

[ದೃಶ್ಯ: ರಾತ್ರಿ. ಖಾಲಿ ಪಾರ್ಕಿಂಗ್ ಜಾಗ. ಕಂಬದ ದೀಪದ ಕೆಳಗೆ ಒಂದು ಬಿಳಿ ಡಿಸ್ಕ್ ತೇಲಿಕೊಂಡು ಬರುತ್ತದೆ.]

ಈ ಜಾಗ ನೋಡಿ. ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಊರು. ಕೊಲಂಬಿಯಾ ಹೈಸ್ಕೂಲಿನ ಪಾರ್ಕಿಂಗ್ ಜಾಗ. ಟಾರು, ಬಿಳಿ ಗೆರೆ, ನಾಲ್ಕು ಕಂಬ. ಯಾರೂ ಫೋಟೋ ತೆಗೆಯುವ ಜಾಗ ಅಲ್ಲ ಇದು. ಆದರೆ ಇಲ್ಲೊಂದು ಫಲಕ ಇದೆ. ಅಲ್ಟಿಮೇಟ್ ಫ್ರಿಸ್ಬೀ ಹುಟ್ಟಿದ್ದು ಇಲ್ಲೇ ಅಂತ ಅದರಲ್ಲಿ ಬರೆದಿದೆ.

ಫ್ರಿಸ್ಬೀ ಅಂದರೆ ನಮಗೆ ಬೀಚ್‌ನಲ್ಲಿ ಸುಮ್ನೆ ಎಸೆದು ಹಿಡಿಯುವ ತಟ್ಟೆ, ಅಲ್ವಾ? ಅದನ್ನು ಓಟ, ಪಾಸು, ಗೋಲು ಇರುವ ತಂಡದ ಆಟ ಮಾಡಿದ್ದು ಈ ಶಾಲೆಯ ಹುಡುಗರು. ಅದೂ ತಮಾಷೆಗೆ.

1968ರ ಬೇಸಿಗೆ ರಜೆ. ಜೋಯಲ್ ಸಿಲ್ವರ್ ಎಂಬ ಹುಡುಗ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್ ಶಾಲೆಯ ಶಿಬಿರಕ್ಕೆ ಹೋಗಿದ್ದ. ಅಲ್ಲಿ ಜೇರೆಡ್ ಕ್ಯಾಸ್ ಎಂಬ ಕಾಲೇಜು ಹುಡುಗ ಮಕ್ಕಳಿಗೆ ಡಿಸ್ಕ್ ಇಟ್ಟುಕೊಂಡು ಅಮೆರಿಕನ್ ಫುಟ್‌ಬಾಲ್ (ಕೈಯಲ್ಲಿ ಚೆಂಡು ಎಸೆದು ಹಿಡಿಯುವ ಆಟ) ತರಹದ ಒಂದು ಆಟ ಆಡಿಸುತ್ತಿದ್ದ. ರಜೆ ಮುಗಿಸಿ ಬಂದ ಸಿಲ್ವರ್ ವಿದ್ಯಾರ್ಥಿ ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ನಮ್ಮ ಶಾಲೆಗೂ ಫ್ರಿಸ್ಬೀ ಬೇಕು ಅಂದ. ಗಂಭೀರವಾಗಿ ಅಲ್ಲ, ಕೀಟಲೆಗೆ. ಸಭೆಯೂ ನಕ್ಕೊಂಡೇ ಒಪ್ಪಿತು.

ಕ್ಯಾಸ್ ಕಥೆ ಇನ್ನೂ ಮಜವಾಗಿದೆ. ಶಿಬಿರ ಮುಗಿಸಿ ಅವರು ತಮ್ಮ ದಾರಿ ಹಿಡಿದರು. ಮೂವತ್ತು ವರ್ಷಕ್ಕೂ ಜಾಸ್ತಿ ಆದಮೇಲೆ ಈ ಆಟದ ಇತಿಹಾಸ ಹುಡುಕುತ್ತಿದ್ದವರು ಅವರನ್ನು ಪತ್ತೆ ಹಚ್ಚಿದರು. ಅಂದು ಮಕ್ಕಳಿಗೆ ಕಲಿಸಿದ್ದು ಇಷ್ಟು ದೂರ ಹೋಗಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

[ದೃಶ್ಯ: ಕಪ್ಪು ಬಿಳುಪು ಗುಂಪು ಫೋಟೋ ತರಹದ ಚಿತ್ರ.]

1969ರಲ್ಲಿ ಮೊದಲ ಆಟ. ಒಂದು ಕಡೆ ಶಾಲೆಯ ಪತ್ರಿಕೆಯ ಹುಡುಗರು, ಇನ್ನೊಂದು ಕಡೆ ವಿದ್ಯಾರ್ಥಿ ಮಂಡಳಿಯವರು. ಪತ್ರಿಕೆಯವರು 11-7ರಿಂದ ಗೆದ್ದರು. ಆಗ ಒಂದೊಂದು ಕಡೆ ಇಪ್ಪತ್ತು, ಮೂವತ್ತು ಜನ ನುಗ್ಗುತ್ತಿದ್ದರಂತೆ. ಜಾತ್ರೆ!

ತಂಡದ ಫೋಟೋ ಕೇಳಿ. ಶಾಲೆಯ ಕಸ ಗುಡಿಸುವವರನ್ನೂ ಸೆಕ್ಯೂರಿಟಿಯವರನ್ನೂ ಕರೆದು ನಿಲ್ಲಿಸಿ, ಇವರೇ ನಮ್ಮ ಕೋಚ್, ಇವರೇ ಮ್ಯಾನೇಜರ್ ಅಂತ ಹೆಸರು ಹಾಕಿದರು. ಶಾಲೆಯ ಕ್ರೀಡಾ ತಂಡಗಳ ಗತ್ತನ್ನು ಅಣಕಿಸುವುದೇ ಅವರಿಗೆ ಅರ್ಧ ಖುಷಿ.

ಮತ್ತೆ ರಾತ್ರಿ ಆಟ ಯಾಕೆ? ಹೊಸ ಪಾರ್ಕಿಂಗ್ ಜಾಗಕ್ಕೆ ಮರ್ಕ್ಯುರಿ ದೀಪ ಹಾಕಿದ್ದರು. ಸಂಜೆ ಆದಮೇಲೆ ಕಾರುಗಳು ಖಾಲಿ, ಬೆಳಕು ಪುಕ್ಕಟೆ. ಇವತ್ತು ಒಂದು ತಂಡಕ್ಕೆ ಏಳು ಜನ ಅನ್ನುವ ಲೆಕ್ಕ ಇದೆಯಲ್ಲ, ಅದಕ್ಕೂ ದೊಡ್ಡ ಸಿದ್ಧಾಂತ ಏನಿಲ್ಲ. ಆ ಜಾಗದಲ್ಲಿ ಅದಕ್ಕಿಂತ ಜಾಸ್ತಿ ಜನ ಹಿಡಿಸುತ್ತಿರಲಿಲ್ಲ ಅಂತಾರೆ.

ಇಲ್ಲಿಯವರೆಗೂ ಕೀಟಲೆ. ಕೀಟಲೆ ಮಾಡಿದವರು ಕೂತು ಬರೆದರು ನೋಡಿ, ಅಲ್ಲಿ ಕಥೆ ತಿರುಗುತ್ತದೆ. ಸಿಲ್ವರ್, ಬಝೀ ಹೆಲ್‌ರಿಂಗ್, ಜಾನ್ ಹೈನ್ಸ್ ಮೂವರೂ ಸೇರಿ ನಿಯಮ ಬರೆದು 1970ರಲ್ಲಿ ಮುದ್ರಿಸಿದರು. ಡಿಸ್ಕ್ ಹಿಡಿದು ಓಡುವ ಹಾಗಿಲ್ಲ, ನಿಂತ ಜಾಗದಿಂದಲೇ ಎಸೆಯಬೇಕು. ನೆಲಕ್ಕೆ ಬಿದ್ದರೆ ಎದುರಾಳಿಗೆ ಹೋಯಿತು. ಎದುರಾಳಿ ಕಡೆಯ ಕೊನೆಯ ಪಟ್ಟಿಯೊಳಗೆ ನಿಮ್ಮವನೇ ಹಿಡಿದರೆ ಒಂದು ಪಾಯಿಂಟು.

ಆಟ ಇವತ್ತಿಗೂ ಬಹುಪಾಲು ರೆಫರಿ ಇಲ್ಲದೆ ನಡೆಯುತ್ತದೆ. ಫೌಲ್ ಆದರೆ ಆಡುವವರೇ ಕೂಗಿ ಹೇಳಬೇಕು, ಅಲ್ಲೇ ಮಾತಾಡಿ ಬಗೆಹರಿಸಿಕೊಳ್ಳಬೇಕು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲೂ ಅಂಪೈರ್ ಇರಲಿಲ್ಲ ನಿಜ. ಆದರೆ ಬ್ಯಾಟ್ ಯಾರದೋ ಅವನದೇ ತೀರ್ಪು. ಇಲ್ಲಿ ಆ ಧಣಿ ಇಲ್ಲ ಅಷ್ಟೇ.

1970ರ ನವೆಂಬರ್ 7. ಪಕ್ಕದ ಮಿಲ್‌ಬರ್ನ್ ಹೈಸ್ಕೂಲಿನ ಜೊತೆ ಎರಡು ಶಾಲೆಗಳ ನಡುವಿನ ಮೊದಲ ಪಂದ್ಯ. ಕೊಲಂಬಿಯಾ 43, ಮಿಲ್‌ಬರ್ನ್ 10. ಪಾಪ.

[ದೃಶ್ಯ: ನಕ್ಷೆ. ಮೇಪಲ್‌ವುಡ್‌ನಿಂದ ಬಾಣದ ಗುರುತುಗಳು ಹೊರಡುತ್ತವೆ.]

ಹೈಸ್ಕೂಲ್ ತಂಡಕ್ಕೆ ಒಂದು ಶಾಪ ಇದೆ. ಶುರು ಮಾಡಿದವರು ಮೂರ್ನಾಲ್ಕು ವರ್ಷದಲ್ಲಿ ಪಾಸಾಗಿ ಹೋಗುತ್ತಾರೆ. ಹುರುಪು ಅವರ ಜೊತೆಗೇ ಗೇಟು ದಾಟುತ್ತದೆ. ಇಲ್ಲೂ ಹೋದರು. ಹೆಲ್‌ರಿಂಗ್ ಕಾಲೇಜು ಓದುತ್ತಿದ್ದಾಗಲೇ ಕಾರು ಅಪಘಾತದಲ್ಲಿ ತೀರಿಕೊಂಡ. ಸಿಲ್ವರ್ ಮುಂದೆ ಹಾಲಿವುಡ್‌ನ ದೊಡ್ಡ ನಿರ್ಮಾಪಕನಾದ.

ಆದರೆ ಹೋದವರ ಚೀಲದಲ್ಲಿ ಆ ನಿಯಮದ ಪುಸ್ತಕ ಇತ್ತು. ಹೋದ ಹೋದ ಕಾಲೇಜಿನಲ್ಲಿ ತಂಡ ಕಟ್ಟಿದರು. 1972ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದವು, ಎರಡು ಕಾಲೇಜುಗಳ ನಡುವಿನ ಮೊದಲ ಪಂದ್ಯ ಅದು. ದಿನ, ಜಾಗ ಎರಡನ್ನೂ ಬೇಕಂತಲೇ ಆರಿಸಿದ್ದರು. 103 ವರ್ಷದ ಹಿಂದೆ ಅದೇ ದಿನ, ಅದೇ ಜಾಗದಲ್ಲಿ, ಅದೇ ಎರಡು ಕಾಲೇಜುಗಳು ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿದ್ದವು. ಆ ಮೈದಾನ ಅಷ್ಟರಲ್ಲಿ ಏನಾಗಿತ್ತು ಹೇಳಿ? ಪಾರ್ಕಿಂಗ್ ಜಾಗ! ರಟ್ಗರ್ಸ್ 29-27ರಿಂದ ಗೆದ್ದಿತು.

ಅಲ್ಲಿಂದ ಆಟ ಎಲ್ಲೆಲ್ಲಿಗೋ ಹೋಯಿತು. 2015ರಲ್ಲಿ ಅದರ ಜಾಗತಿಕ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಚೆನ್ನೈ ಬೀಚ್‌ನಲ್ಲೂ ನಮ್ಮ ಬೆಂಗಳೂರಿನಲ್ಲೂ ತಂಡಗಳಿವೆ, ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುತ್ತಾರೆ.

ಹಾಗಾದರೆ ಮೇಪಲ್‌ವುಡ್‌ನ ತಂಡ? ಅದಕ್ಕೆ ಮತ್ತೆ ಮತ್ತೆ ಜೀವ ತುಂಬಿದ್ದರಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲು ದೊಡ್ಡದು ಅಂತ ನನಗನಿಸುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರಿಗೆ ಬರುತ್ತಾರಲ್ಲ, ನಮ್ಮಲ್ಲಿ ಊರ ಹಬ್ಬಕ್ಕೆ ಬಂದ ಹಾಗೆ. ಬಂದವರು ಸೀದಾ ಪಾರ್ಕಿಂಗ್ ಜಾಗಕ್ಕೆ. ಒಂದು ಕಡೆ ಹಳಬರು, ಇನ್ನೊಂದು ಕಡೆ ಈಗ ಓದುತ್ತಿರುವ ಮಕ್ಕಳು. ಅಲ್ಲಿ ಡೈವ್ ಹೊಡೆದರೆ ಮೊಣಕೈ ಕಿತ್ತುಬರುತ್ತದೆ, ಕೆಳಗೆ ಇರುವುದು ಹುಲ್ಲಲ್ಲ.

[ದೃಶ್ಯ: ಅದೇ ಕಂಬದ ದೀಪ. ನರೆಗೂದಲಿನ ಒಬ್ಬರು ಡಿಸ್ಕ್ ಎಸೆಯುತ್ತಾರೆ. ಹದಿನಾರರ ಹುಡುಗಿ ಓಡಿ ಹಾರಿ ಹಿಡಿಯುತ್ತಾಳೆ. ಯಾರೋ "ಗೆರೆ ಹೊರಗೆ" ಅಂತ ಕೂಗುತ್ತಾರೆ. ಆಟ ನಿಲ್ಲುತ್ತದೆ, ಎಲ್ಲರೂ ಬಗ್ಗಿ ಟಾರಿನ ಮೇಲಿನ ಬಿಳಿ ಗೆರೆ ನೋಡುತ್ತಾರೆ.]